ಅಂಗಳದ ಹಲಗೆ

ಹಾಲಿಸ್ ಕೋಚ್ ಆಗಿ ಬಂದ ಮೊದಲ ವರ್ಷ ಟಾಲ್ಬರ್ಟ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡ ಹನ್ನೆರಡು ಪಂದ್ಯಗಳಲ್ಲಿ ಹತ್ತನ್ನು ಸೋತಿತ್ತು. ಪ್ರತಿ ಸೋಲಿನ ಮರುದಿನ ಬೆಳಿಗ್ಗೆ ಕೋಚ್ ಮನೆಯ ಅಂಗಳದಲ್ಲಿ ಯಾರೋ ‘ಮಾರಾಟಕ್ಕಿದೆ’ ಎಂಬ ಹಲಗೆ ನೆಟ್ಟುಹೋಗಿರುತ್ತಿದ್ದರು. ಗಂಟುಮೂಟೆ ಕಟ್ಟು ಎಂದು ಹೇಳಲು ಅಲಬಾಮದಲ್ಲಿ ಬಾಯಿ ಬೇಕಿಲ್ಲ. ಅವನ ಹೆಂಡತಿ ಮಾರಿಟ್ ಒಂದೊಂದನ್ನೂ ಕಿತ್ತು, ಹಿಂಬದಿಗೆ ಅಂಕವನ್ನೂ ತಾರೀಖನ್ನೂ ಬರೆದು, ಗ್ಯಾರೇಜಿನ ಗೋಡೆಗೆ ಒರಗಿಸಿಡುತ್ತಿದ್ದಳು.

“ಐದೇ ವರ್ಷ ಕಣೇ,” ಎಂದಿದ್ದ ಗಂಡ ಹಾಲಿಸ್. “ಆಮೇಲೆ ನಿನ್ನೂರು ಡುಲೂತ್‌ಗೇ ಹೋಗೋಣ. ನಿನ್ನ ಮಕ್ಕಳ ಹತ್ರ.”

ಮಕ್ಕಳೆಂದರೆ ಮದುವೆಗೆ ಮುಂಚೆ ಅವಳು ಪಾಠ ಹೇಳುತ್ತಿದ್ದ ಕಿವುಡರ ಶಾಲೆಯ ಮಕ್ಕಳು.

ಇದು ಏಳನೆಯ ವರ್ಷ. ತಂಡ ಈಗ ದೇಶಕ್ಕೇ ನಾಲ್ಕನೆಯದು. ಸೋಮವಾರ ಕಾಲೇಜಿನವರು ಇನ್ನೂ ಹತ್ತು ವರ್ಷದ ಒಪ್ಪಂದ ಹಿಡಿದು ಬರುತ್ತಾರೆ. ಡುಲೂತ್‌ನ ಶಾಲೆ ಅವಳಿಗೊಂದು ಕೆಲಸ ಕಾದಿರಿಸಿತ್ತು. ಶುಕ್ರವಾರ ಮಧ್ಯಾಹ್ನದೊಳಗೆ ಉತ್ತರ ಬೇಕು. ಮೂರು ಸಲ ಹಾಲಿಸ್‌ನನ್ನು ಕೇಳಿದಳು. ಮೂರು ಸಲವೂ ಅವನು, “ಶನಿವಾರದ ಪಂದ್ಯ ಮುಗೀಲಿ,” ಎಂದ. ಒಬ್ಬಳೇ ಹೋಗಬಹುದೆಂದು ಅವಳಿಗೂ ಗೊತ್ತಿತ್ತು. ಆದರೂ ಹೋಗೋಣ ಎಂಬ ಮಾತು ಅವನ ಬಾಯಿಂದಲೇ ಬರಲಿ ಎಂದು ಕಾದಳು.

ಗುರುವಾರ ಅವನು ಅಭ್ಯಾಸಕ್ಕೆ ಹೋದ ಮೇಲೆ ಮಾರಿಟ್ ಗ್ಯಾರೇಜಿನಿಂದ ಒಂದು ಹಲಗೆ ತಂದು ಅಂಗಳದ ನಟ್ಟನಡುವೆ ನೆಟ್ಟಳು. ಅವನು ವಾಪಸು ಬಂದಾಗ ಕಣ್ಣಿಗೆ ಬೀಳಲಿ, ಅಷ್ಟೇ.

ಅದು ಮೊದಲು ಬಿದ್ದದ್ದು ಎದುರುಮನೆಯ ಮುದುಕಿ ಒಡೆಸಾಳ ಕಣ್ಣಿಗೆ.

“ಅಯ್ಯಯ್ಯೋ! ಯಾವ ಮನೆಹಾಳನ ಕೆಲಸವೇ ಇದು? ವರ್ಲನ್! ಏ ವರ್ಲನ್, ಬಾರೋ ಇಲ್ಲಿ!”

ಅವಳ ತಮ್ಮ ವರ್ಲನ್ ಚಡ್ಡಿಯಲ್ಲೇ ಓಡಿಬಂದು ಹಲಗೆ ಕಿತ್ತ. “ಅಕ್ಕ, ಇದು ಆ ನದಿಯಾಚೆ ಕಾಲೇಜಿನ ಕತ್ತೆಗಳದ್ದೇ. ಶನಿವಾರ ಸೋಲ್ತೀವಿ ಅಂತ ಈಗಲೇ ನಡುಕ.”

“ನಾನೇ...” ಎಂದಳು ಮಾರಿಟ್.

“ನೀನೇನೂ ಹೆದರಬೇಡ ಮಗಳೇ. ನಾವೆಲ್ಲ ಸತ್ತಿದೀವಾ?” ಎಂದಳು ಒಡೆಸಾ.

ಗಂಟೆಯೊಳಗೆ ಬೀದಿಯೇ ನೆರೆಯಿತು. ಕೋಳಿ ಬೇಯಿಸಿದ ಪಾತ್ರೆಗಳು ಬಂದವು. ಅಂಗಳದ ಸುತ್ತ ಕಾಲೇಜಿನ ಕೆಂಪು ಬಾವುಟಗಳನ್ನು ಒತ್ತಾಗಿ ಹುಗಿದರು. ಮೊದಲ ವರ್ಷ ಹಲಗೆ ನೆಟ್ಟವರಲ್ಲಿ ಇಬ್ಬರಂತೂ ಅಲ್ಲೇ ಇದ್ದರು. ವರ್ಲನ್ ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿ ಕಾವಲು ಕೂತ.

ಮಧ್ಯಾಹ್ನ ಬಂದ ಹಾಲಿಸ್ ಕೈಗೆ ಅವನು ಹಲಗೆ ಕೊಟ್ಟ. ಹಾಲಿಸ್ ಅದನ್ನು ತಿರುಗಿಸಿದ. ಹಿಂಬದಿಯಲ್ಲಿ ಮಾರಿಟ್ ಅಕ್ಷರ: 41–3, ಅಕ್ಟೋಬರ್ 9. ಅವನು ತಲೆಯೆತ್ತಿ ಬಾಗಿಲಲ್ಲಿ ನಿಂತ ಅವಳನ್ನು ನೋಡಿದ.

“ಯಾರದ್ದು ಕೋಚ್?” ಎಂದ ವರ್ಲನ್.

“ಇನ್ಯಾರದ್ದು? ಆಚೆಯವರದ್ದೇ,” ಎಂದ ಹಾಲಿಸ್. “ನಾವೆಲ್ಲಿಗೂ ಹೋಗಲ್ಲ ಅಂತ ಹೇಳಿ ಅವರಿಗೆ.”

ಕೇಕೆ ಬಿತ್ತು. ಅವನು ಬಂದು ಅವಳ ಹೆಗಲ ಮೇಲೆ ಕೈ ಹಾಕಿದ. ಕೈ ಭಾರವಾಗಿತ್ತು. ಒಳಗೆ ಬಂದ ಮೇಲೂ ಅವನು ಶನಿವಾರದ ಪಂದ್ಯದ ಮಾತನ್ನೇ ಆಡಿದ.

ಶುಕ್ರವಾರ ಬೆಳಿಗ್ಗೆ ಸೂಟ್‌ಕೇಸ್ ತರಲು ಗ್ಯಾರೇಜಿಗೆ ಹೋದಳು. ಹಲಗೆಗಳಿದ್ದ ಗೋಡೆಯ ಬುಡ ಖಾಲಿಯಾಗಿತ್ತು. ಹೊರಗೆ ವರ್ಲನ್ ನಾಳೆಯ ಪಂದ್ಯಕ್ಕೆ ಹಂದಿಮಾಂಸ ಸುಡಲು ಗುಂಡಿಯಲ್ಲಿ ಬೆಂಕಿ ಮಾಡುತ್ತಿದ್ದ. ಉರಿಯಲ್ಲಿ ಅವಳು ಬರೆದ ಒಂದು ತಾರೀಖು ಇನ್ನೂ ಓದುವಂತಿತ್ತು.

“ಕೋಚೇ ಕೊಟ್ರಮ್ಮ,” ಎಂದ ವರ್ಲನ್. “ಒಳ್ಳೇ ಒಣಗಿದ ಮರ.”

“ಹಿಡ್ಕೋ ಇದನ್ನ,” ಎಂದು ಒಡೆಸಾ ಅವಳ ಎರಡೂ ಕೈಗೆ ಮಾಂಸದ ದೊಡ್ಡ ತಟ್ಟೆ ಹೊರಿಸಿದಳು.

ಜೇಬಿನಲ್ಲಿ ಫೋನು ಬಡಿದುಕೊಂಡಿತು.

“ಯಾರೇ ಅದು?”

“ನಮ್ಮೂರಿಂದ. ಶಾಲೆಯವರಿರಬೇಕು.”

“ಆಮೇಲೆ ಮಾತಾಡಿದ್ರಾಯ್ತು. ಮೊದಲು ಅದನ್ನ ವರ್ಲನ್ ಹತ್ರ ಕೊಡು, ಭಾರ ಇದೆ.”

ಮಾರಿಟ್ ತಟ್ಟೆ ಹಿಡಿದುಕೊಂಡೇ ನಿಂತಳು. ಬೆಂಕಿ ಇನ್ನೂ ಹದಕ್ಕೆ ಬಂದಿಲ್ಲ, ಸ್ವಲ್ಪ ತಾಳಿ ಎಂದ ವರ್ಲನ್. ಫೋನು ಏಳೆಂಟು ಸಲ ಬಡಿದುಕೊಂಡು ನಿಂತಿತು.