ಹೊಟ್ಟೆಗೆ ಬಾಯಿಲ್ಲ

“ಮೇಜಿನ ಮೇಲೆ ಮಲಗಿರೋದು ಒಂದು ಹೊಟ್ಟೆ. ಹೊಟ್ಟೆಗೆ ಬಾಯಿರಲ್ಲ. ಎಷ್ಟು ಸಲ ಹೇಳ್ಬೇಕೇ ನಿಂಗೆ?”

ತರಬೇತಿಯ ಮೇಡಂ ಹಾಗೆಂದು ಮಲಗಿದ್ದವಳ ಬಟ್ಟೆಯನ್ನು ಇನ್ನಷ್ಟು ಕೆಳಗೆ ಜಗ್ಗಿದರು. ಸುತ್ತ ನಿಂತ ಹುಡುಗಿಯರಲ್ಲಿ ಯಾರೋ ಕಿಸಕ್ಕೆಂದರು.

ಮಲಗಿದ್ದವಳು ಆ ಆಸ್ಪತ್ರೆಯ ಒಗೆಯುವ ಕೋಣೆಯವಳು. ರಕ್ತ, ಕೀವು, ಮಕ್ಕಳ ಉಚ್ಚೆ ಹತ್ತಿದ ಚಾದರಗಳನ್ನೆಲ್ಲ ಕುದಿಸಿ, ಕುಕ್ಕಿ, ಬಿಳುಪು ಮಾಡುವವಳು. ಒಗೆಯುವವರಿಗೆ ಅಲ್ಲಿ ಹೆರಿಗೆ ಬಿಟ್ಟಿ. ಬಿಟ್ಟಿ ಅಂದರೆ ಯಾವುದು ತಾನೇ ಬಿಟ್ಟಿ ಬರುತ್ತದೆ ಹೇಳಿ? ಬಸುರಿನ ಹೊಟ್ಟೆ ದೊಡ್ಡದಾದ ಮೇಲೆ ವಾರಕ್ಕೊಮ್ಮೆ ತರಬೇತಿಯ ಮೇಜಿನ ಮೇಲೆ ಮಲಗಬೇಕು. ಡಾಕ್ಟರು ಕಾಲಿಡದ ಕಡೆಗೆ ಹೋಗಿ ಹೆಂಗಸರನ್ನೂ ಮಕ್ಕಳನ್ನೂ ತಾವೇ ನೋಡಿ, ತಾವೇ ಮದ್ದು ಕೊಡಲಿರುವ ನರ್ಸುಗಳು ಆ ಹೊಟ್ಟೆಯ ಮೇಲೆ ಕೈ ಪಳಗಿಸಿಕೊಳ್ಳುತ್ತಾರೆ. ಮಲಗಿದವಳು ತುಟಿ ಬಿಚ್ಚಕೂಡದು. ಮಗುವಿನ ತಲೆ ಇಲ್ಲಿದೆ, ಕಾಲು ಅಲ್ಲಿದೆ ಅಂತ ಅವಳೇ ಒದರಿಬಿಟ್ಟರೆ ಹುಡುಗಿಯರು ಕಲಿಯುವುದೇನು? ಇದು ಮೇಡಂ ಮಾಡಿದ ನಿಯಮ. ಇದಕ್ಕಾಗಿ ಅವರು ಮೇಲಿನವರಿಂದ ಭೇಷ್ ಅನ್ನಿಸಿಕೊಂಡದ್ದೂ ಆಗಿತ್ತು.

ಹಿಂದಿನ ಸಂಜೆಯಿಂದ ಅವಳ ಮಗು ಮಿಸುಕಿರಲಿಲ್ಲ.

“ಅದಲ್ಲ ಮೇಡಂ, ನಿನ್ನೆ ಸಂಜೆಯಿಂದ...”

“ಮತ್ತೆ ಬಾಯಿ.” ಮೇಡಂ ಹುಡುಗಿಯರ ಕಡೆ ತಿರುಗಿದರು. “ನೋಡ್ಕೊಳ್ಳಿ. ಇಂಥವ್ರು ಬಾಯಿ ಬಿಟ್ರೆ ಸುಳ್ಳು. ಕೆಲ್ಸ ತಪ್ಪಿಸ್ಕೊಳ್ಳೋಕೆ ಇಲ್ಲದ ನೋವೆಲ್ಲ ಹೇಳ್ತಾರೆ. ಹೊಟ್ಟೆ ಸುಳ್ಳು ಹೇಳಲ್ಲ. ಹೊಟ್ಟೇನ ಕೇಳಿ.”

ಅವಳು ಬಾಯಿ ಮುಚ್ಚಿದಳು. ಒಗೆಯುವ ಕೋಣೆಯಲ್ಲೇ ಕೆಲಸಕ್ಕಿದ್ದ ಅವಳ ಅತ್ತೆ ಬೆಳಿಗ್ಗೆಯೇ ಹೇಳಿ ಕಳಿಸಿದ್ದಳು: “ಸುಮ್ನೆ ಮಲ್ಗಿ ಎದ್ದು ಬಾ. ಹೆಂಗಿದ್ರೂ ಅವ್ರೇ ನೋಡ್ತಾರಲ್ಲ. ಬಾಯಿ ಮಾಡಿ ನನ್ನ ಅನ್ನಕ್ಕೂ ಕಲ್ಲು ಹಾಕ್ಬೇಡ.” ಅದೂ ಸರಿಯೇ, ಇಷ್ಟು ಜನರಲ್ಲಿ ಒಬ್ಬರಿಗಾದರೂ ಗೊತ್ತಾಗದೆ ಇರುತ್ತದೆಯೇ ಅಂದುಕೊಂಡಳು.

ಮೊದಲನೆಯ ಹುಡುಗಿ ಮರದ ಕೊಳವೆಯನ್ನು ಹೊಟ್ಟೆಯ ಮೇಲಿಟ್ಟು, ಇನ್ನೊಂದು ತುದಿಗೆ ಕಿವಿ ಒತ್ತಿದಳು. ಮೇಡಂ ಗಡಿಯಾರ ನೋಡುತ್ತಿದ್ದರು.

“ಮಗು ಎದೆ ಬಡಿತ ಕೇಳಿಸ್ತಾ?”

“ಕೇಳಿಸ್ತು ಮೇಡಂ.”

“ನಿಮಿಷಕ್ಕೆಷ್ಟು?”

“ನೂರ ನಲವತ್ತು.”

“ಗುಡ್.”

ಎರಡನೆಯವಳಿಗೂ ನೂರ ನಲವತ್ತು. ಮೂರನೆಯವಳು ಸ್ವಲ್ಪ ಜಾಣೆ, ನೂರ ನಲವತ್ತೆರಡು ಅಂದಳು. ನಾಲ್ಕನೆಯವಳು ಕನ್ನಡಕದ ಹುಡುಗಿ. ಕೊಳವೆಯನ್ನು ಅಲ್ಲಿಟ್ಟಳು, ಇಲ್ಲಿಟ್ಟಳು, ಉಸಿರು ಹಿಡಿದು ಕೇಳಿದಳು.

“ಮೇಡಂ, ನಂಗೆ ಕೇಳಿಸ್ತಿಲ್ಲ.”

ಹೇಳು ನನ್ನವ್ವ, ಬಿಡಬೇಡ, ಇನ್ನೊಂದು ಸಲ ಹೇಳು ಅಂತ ಮಲಗಿದವಳ ಜೀವ ಕೂಗಿಕೊಂಡಿತು.

“ಎಲ್ರಿಗೂ ಕೇಳಿಸಿದ್ದು ನಿಂಗೊಬ್ಳಿಗೆ ಕೇಳಿಸ್ಲಿಲ್ವಾ? ಕಿವೀಲಿ ಸಗಣಿ ತುಂಬ್ಕೊಂಡಿದೀಯಾ? ಫೇಲ್ ಮಾಡಿ ಮನೆಗೆ ಕಳಿಸ್ಲಾ?”

ಹುಡುಗಿ ಮತ್ತೆ ಬಗ್ಗಿದಳು. ಅವಳ ಕಣ್ಣೀರು ಹೊಟ್ಟೆಯ ಮೇಲೆ ಬಿತ್ತು.

“ಕೇಳಿಸ್ತು ಮೇಡಂ. ನೂರ ನಲವತ್ತು.”

ಪಾಠ ಮುಗಿದ ಮೇಲೆ ಮಲಗಿದ್ದವಳು ಮೇಜಿನಿಂದಿಳಿದು ಮೇಡಂ ಹಿಂದೆ ಹಿಂದೆಯೇ ಬಾಗಿಲವರೆಗೂ ಓಡಿದಳು. “ಮೇಡಂ, ಮಗು ಅಲ್ಲಾಡ್ತಿಲ್ಲ, ಡಾಕ್ಟ್ರಿಗೊಂದು ಮಾತು ಹೇಳಿ.”

“ಇಷ್ಟು ಹೊತ್ತು ಅಷ್ಟು ಜನ ನೋಡಿದ್ದು ಏನೇ ಮತ್ತೆ? ರಾಣಿ ಹೊಟ್ಟೇನೂ ಇಷ್ಟು ಜನ ನೋಡಲ್ಲ. ಹೋಗು, ಬಟ್ಟೆ ರಾಶಿ ಬಿದ್ದಿದೆ.”

ಹೋದಳು, ಒಗೆದಳು. ಮಾರನೆಯ ದಿನ ಅದೇ ಆಸ್ಪತ್ರೆಯಲ್ಲಿ ಸತ್ತ ಹೆಣ್ಣು ಮಗುವನ್ನು ಹೆತ್ತಳು.

“ಅಲ್ಲಾಡ್ತಿಲ್ಲ ಅಂತ ಗೊತ್ತಾದ ತಕ್ಷಣ ಹೇಳೋಕೇನಾಗಿತ್ತೇ ದರಿದ್ರದವಳೇ?” ಅಂದರು ಡಾಕ್ಟರು. “ಬಾಯಿ ಸತ್ತಿತ್ತಾ?”

ಪಕ್ಕದಲ್ಲಿದ್ದ ಮೇಡಂ ಮುಖ ಸಪ್ಪಗೆ ಮಾಡಿಕೊಂಡರು. “ನಮ್ಮ ಹುಡುಗೀರೆಲ್ಲ ಬಡಿತ ಕೇಳಿದಾರೆ ಡಾಕ್ಟ್ರೇ. ಚೆನ್ನಾಗೇ ಇತ್ತು. ಆಮೇಲೆ ಇವಳೇ ಏನು ಮಾಡ್ಕೊಂಡ್ಲೋ.”

ಎಲ್ಲ ಗೊತ್ತಿದ್ದ ಅತ್ತೆ ಒಮ್ಮೆ ಮೇಡಂ ಮುಖ ನೋಡಿದಳು, ಒಮ್ಮೆ ಸೊಸೆಯ ಮುಖ ನೋಡಿದಳು.

“ತುಂಬಿದ ಬಕೆಟ್ ಎತ್ಬೇಡ ಅಂತ ಬಡ್ಕೊಂಡಿದ್ದೆ,” ಅಂದಳು.

ಅಲ್ಲಿಗೆ ಮಗುವನ್ನು ಕೊಂದವಳು ಹೆತ್ತವಳೇ ಅಂತ ತೀರ್ಮಾನವಾಯಿತು. ಗಂಡ ಮಾತು ಬಿಟ್ಟ. ಮಗುವನ್ನು ಸುತ್ತಿದ್ದ ಬಟ್ಟೆ ಒಗೆಯುವ ಕೋಣೆಗೇ ಬಂತು. ಅತ್ತೆ ಅದನ್ನು ಬೇರೆ ಬಟ್ಟೆಗಳ ಜೊತೆಯಲ್ಲೇ ಕುದಿಸಿದಳು.

ಮುಂದಿನ ಪಾಠಕ್ಕೆ ಮತ್ತೆ ಕರೆ ಬಂತು.

“ಖಾಲಿಯಾದ್ರೇನಂತೆ? ಹೆತ್ತ ಮೇಲೆ ಹೊಟ್ಟೆ ಹೇಗಿರುತ್ತೆ ಅಂತಾನೂ ಇವ್ರು ಕಲೀಬೇಕು. ಹತ್ತು ಮೇಲೆ,” ಅಂದರು ಮೇಡಂ.

ಕುಡಿಯುವವರಿಲ್ಲದ ಹಾಲು ಸೋರಿ ಅಂಗಿ ಒದ್ದೆಯಾಗಿತ್ತು. ಅವಳು ಮೇಜು ಹತ್ತಿ ಮಲಗಿದಳು. ಯಾರ ಕೈಯೂ ತನ್ನನ್ನು ಮುಟ್ಟುವ ಮೊದಲೇ ತಟ್ಟೆಯಲ್ಲಿದ್ದ ಮರದ ಕೊಳವೆ ತೆಗೆದು ಹೊಟ್ಟೆಯ ಮೇಲೆ ನೆಟ್ಟಗೆ ನಿಲ್ಲಿಸಿ ಹಿಡಿದಳು.

“ಬನ್ರೇ. ಕೇಳಿ.”

“ಏಯ್, ಬಾಯಿ.”

“ಇದು ಹೊಟ್ಟೆ ಮೇಡಂ. ಹೊಟ್ಟೆ ಸುಳ್ಳು ಹೇಳಲ್ಲ ಅಂದಿದ್ರಿ. ಅವತ್ತೂ ಇದ್ರಲ್ಲಿ ಇಷ್ಟೇ ಸದ್ದಿತ್ತು. ಕೇಳ್ಲಿ.”

“ಇಳಿಯೇ ಕೆಳಗೆ ಬೋಳಿ. ಎಳೆದು ಹಾಕ್ರೇ ಇವಳನ್ನ.”

ಯಾರೂ ಎಳೆಯಲಿಲ್ಲ. ಕನ್ನಡಕದ ಹುಡುಗಿ ಬಂದು ಬಗ್ಗಿ, ಕಿವಿಯಿಟ್ಟು, ಬಹಳ ಹೊತ್ತು ಹಾಗೆಯೇ ಇದ್ದಳು.

“ಕೇಳಿಸ್ತಿಲ್ಲ.”

“ಅವತ್ತು?”

“ಅವತ್ತೂ ಕೇಳಿಸ್ಲಿಲ್ಲ ಅಕ್ಕ.”

ಮೊದಲು ಗುಡ್ ಅನ್ನಿಸಿಕೊಂಡಿದ್ದವಳು ಬಂದಳು. ಕೇಳಿಸಲಿಲ್ಲ ಅಂದಳು. ಇನ್ನೊಬ್ಬಳೂ ಅಂದಳು. ನೂರ ನಲವತ್ತೆರಡರವಳು ಮಾತ್ರ ಬರಲಿಲ್ಲ, ಗೋಡೆಗೆ ಮುಖ ಮಾಡಿ ನಿಂತಳು.

ಕೊಳವೆ ಕಿತ್ತುಕೊಳ್ಳಲು ಮೇಡಂ ಕೈ ಹಾಕಿದರು. ಅವಳು ಆ ಕೈ ಹಿಡಿದಳು. ಒದ್ದೆ ಚಾದರ ಹಿಂಡಿ ಹಿಂಡಿ ಬಲಿತ ಕೈ, ಮೇಡಂಗೆ ಬಿಡಿಸಿಕೊಳ್ಳಲಾಗಲಿಲ್ಲ. ಅವರನ್ನು ಬಗ್ಗಿಸಿ, ಬಗ್ಗಿಸಿ, ಕಿವಿ ಕೊಳವೆಗೆ ತಾಗುವವರೆಗೂ ಕೆಳಗೆಳೆದು ಹಿಡಿದಳು.

“ನಿಮಿಷಕ್ಕೆಷ್ಟು ಮೇಡಂ?” ಅಂತ ಕೇಳಿದಳು.