ಕಾಲು ಎತ್ತುವವರೆಗೆ

"ನಾನು..." ಎಂದು ಮೈಕಿಗೆ ಹೇಳಿ ಲಿಫ್ಟಣ್ಣ ಮುಂದಿನ ಪದಕ್ಕಾಗಿ ತಡಕಾಡುತ್ತಿರುವಷ್ಟರಲ್ಲಿ ಆಂಪ್ಲಿಫೈಯರಿನೊಳಗೆ ಟಕ್ ಎಂದಿತು. ಮರುಕ್ಷಣವೇ ಸ್ಪೀಕರಿನಲ್ಲಿ ರೇಡಿಯೊ ಸಂಘದ ಕಾರ್ಯದರ್ಶಿಯ ದನಿ ಬಂತು.

"ತುಂಬಾ ಥ್ಯಾಂಕ್ಸ್ ಸಾರ್. ದೊಡ್ಡ ಮನಸ್ಸು ನಿಮ್ದು. ಹಾಗಾದ್ರೆ ಬರೋ ಭಾನುವಾರದಿಂದ ನಿಮ್ಮ ಬದಲು ಸಭೆ ನಾನೇ ನಡೆಸ್ತೀನಿ. ಏನೂ ಹೇಳ್ತಿಲ್ಲ ಅಂದ್ರೆ ಒಪ್ಪಿದ ಹಾಗೇ ಅಲ್ವಾ? ಮೌನಂ ಸಮ್ಮತಿ ಲಕ್ಷಣಂ."

ಲಿಫ್ಟ್ ರಿಪೇರಿ ಮಾಡುತ್ತಿದ್ದವನಿಗೆ ನಿವೃತ್ತಿಯಾದ ಮೇಲೆ ಉಳಿದಿದ್ದ ರಾಜ್ಯಭಾರವೆಂದರೆ ರೇಡಿಯೊದಲ್ಲಿ ನಡೆಯುವ ಆ ಸಭೆಯೊಂದೇ. ಪ್ರತಿ ಭಾನುವಾರ ಬೆಳಿಗ್ಗೆ ಊರೂರಿನ ಹ್ಯಾಮ್ ರೇಡಿಯೊ ಹವ್ಯಾಸಿಗಳನ್ನು ಒಬ್ಬೊಬ್ಬರಾಗಿ ಕರೆದು ಮಾತಾಡಿಸುವುದು, ನಾಚುವವರ ಬಾಯಿ ಬಿಡಿಸುವುದು, ಕೊರೆಯುವವರ ಬಾಯಿ ಮುಚ್ಚಿಸುವುದು. ಅವನ ದನಿಯನ್ನು ಅಷ್ಟು ದೂರ ಮುಟ್ಟಿಸುತ್ತಿದ್ದುದು ಅವನಿಗಿಂತ ಹಳೆಯದಾದ ಒಂದು ವಾಲ್ವು ಆಂಪ್ಲಿಫೈಯರ್. ಮಾತಾಡುವಾಗ ಅದಕ್ಕೆ ಕೇಳಿಸದು, ಕೇಳುವಾಗ ಅದು ಮಾತಾಡದು. ಆಂಟೆನಾವನ್ನು ಅತ್ತಿಂದಿತ್ತ ಬದಲಿಸಲು ಪಕ್ಕದ ದಪ್ಪ ಹಿಡಿಯನ್ನು ಪ್ರತಿ ಸಲವೂ ಬಲಗೈಯಿಂದ ತಿರುಗಿಸಬೇಕಿತ್ತು.

ಲಕ್ವ ಹೊಡೆದು ಆ ಬಲಗೈಯೇ ಬಿದ್ದುಹೋಯಿತು. ನಾಲಿಗೆಯೂ ಅರ್ಧ ಮಾತು ಕೇಳದಾಯಿತು. ಆಗ ಮೈಕ್‌ಸೆಟ್ ಅಂಗಡಿಯ ಭಾಮೈದ ಬಂದು ಹಿಡಿಯ ಬದಲಿಗೆ ಕರೆಂಟಿನಿಂದ ತಾನೇ ಬದಲಾಗುವ ರಿಲೇ ಸ್ವಿಚ್ಚು ಕೂರಿಸಿ, ಅದಕ್ಕೊಂದು ಜಾಣ ಸರ್ಕ್ಯೂಟು ಜೋಡಿಸಿಕೊಟ್ಟ. ದನಿ ಕೇಳಿದರೆ ತಾನೇ ಮಾತಿನ ಕಡೆ ತಿರುಗುತ್ತದೆ, ದನಿ ನಿಂತರೆ ತಾನೇ ಕೇಳುವ ಕಡೆ. ಪದ ಹುಡುಕಲು ನಿಂತವನು ಯಾರು, ಮಾತು ಮುಗಿಸಿದವನು ಯಾರು ಎಂದು ತಿಳಿಯುವಷ್ಟು ಜಾಣತನ ಮಾತ್ರ ಅದಕ್ಕಿರಲಿಲ್ಲ. ಕಾರ್ಯದರ್ಶಿಗೆ ಇತ್ತು. ಇದ್ದೂ ನಡುವೆ ನುಗ್ಗಿದ.

ಲಿಫ್ಟಣ್ಣ ಹೆಂಡತಿಯ ಕಡೆ ತಿರುಗಿದ. ಅವಳು ಟೈಲರು. ಅದೇ ಕೋಣೆಯ ಕಿಟಕಿಯ ಪಕ್ಕ ಅವಳ ಹೊಲಿಗೆ.

"ನಾನು... ಓವರ್ ಅಂದೆನಾ?"

"ಇಲ್ಲ. ಮಾತು ಮುಗೀತು ಅಂತ ನೀವು ಹೇಳ್ಲೇ ಇಲ್ಲ."

"ಮತ್ತೆ?"

"ಮತ್ತೇನು, ನಿಮ್ಮ ಬಾಯಲ್ಲಿ ಇಲ್ಲದ ಮಾತನ್ನ ಅವನೇ ಹುಟ್ಟಿಸ್ಕೊಂಡ."

ಮಧ್ಯಾಹ್ನ ಭಾಮೈದ ಬಂದ. ವಿಷಯ ಕೇಳಿ ತಲೆ ಕೆರೆದುಕೊಂಡ.

"ಭಾವ, ಇಷ್ಟು ವರ್ಷ ನಡೆಸಿದ್ದೀರಿ, ಸಾಲದಾ? ಬೇಕಾದ್ರೆ ದನಿ ನಿಂತ ಮೇಲೂ ಸ್ವಲ್ಪ ಹೊತ್ತು ಕಾಯೋ ಹಾಗೆ ಮಾಡ್ತೀನಿ."

"ಎಷ್ಟು... ಹೊತ್ತು?"

"ಎರಡು ಸೆಕೆಂಡು. ಮೂರು ಬೇಕಾ?"

ಲಿಫ್ಟಣ್ಣನಿಗೆ ಮೈಯೆಲ್ಲ ಉರಿದುಹೋಯಿತು. ಲಕ್ವ ಹೊಡೆದಾಗಲೂ ಇಷ್ಟು ಅವಮಾನವಾಗಿರಲಿಲ್ಲ. ಎಡಗೈಯಿಂದ ಮೇಜು ಗುದ್ದಿದ.

"ನನ್ನ ಮಾತು... ಮುಗೀತು ಅಂತ... ನಾನು ಹೇಳ್ಬೇಕು. ಆ ಸರ್ಕ್ಯೂಟಲ್ಲ."

ಹೆಂಡತಿ ಎದ್ದು ಹೊಲಿಗೆ ಮಿಷಿನ್ನಿನ ಕೆಳಗೆ ಬಗ್ಗಿ, ಮೋಟಾರಿನ ಪೆಡಲನ್ನು ವೈರು ಸಮೇತ ಕಿತ್ತು ತಂದು ತಮ್ಮನ ಮುಂದಿಟ್ಟಳು. ಆ ಆಂಪ್ಲಿಫೈಯರನ್ನು ಮದುವೆಯಾದಾಗಿನಿಂದ ಸವತಿ ಎಂದೇ ಕರೆದುಕೊಂಡು ಬಂದವಳು ಅವಳು.

"ಇದನ್ನ ಹಾಕು. ಎಡಗಾಲು ಸರಿ ಇದೆಯಲ್ಲ. ತುಳಿದಿರೋವರೆಗೂ ಮಾತು ಇವರದ್ದು."

"ನಿನ್ನ ಹೊಲಿಗೆ, ಅಕ್ಕಾ?"

"ಕಾಲಲ್ಲಿ ತುಳಿಯೋ ಹಳೇ ಮಿಷಿನ್ನು ಅಟ್ಟದ ಮೇಲಿದೆ. ಇಳಿಸಿಕೊಟ್ಟು ಹೋಗು."

ವಾರವಿಡೀ ಸಂಜೆ ಸಂಜೆ ಕೆಲಸ ನಡೆಯಿತು. ಲಿಫ್ಟಣ್ಣ ಕುರ್ಚಿಯಲ್ಲಿ ಕೂತು ಎಡಗೈ ಬೆರಳಿನಿಂದಲೇ ಮೇಸ್ತ್ರಿತನ ಮಾಡಿದ. ಪೆಡಲಿನ ಒಳಗಿದ್ದುದನ್ನೆಲ್ಲ ತೆಗೆಸಿ, ತನ್ನ ಹಳೇ ಸಾಮಾನಿನ ಪೆಟ್ಟಿಗೆಯಿಂದ ಲಿಫ್ಟ್ ಬಾಗಿಲಿನ ಎರಡು ಸ್ವಿಚ್ಚುಗಳನ್ನು ಹುಡುಕಿಸಿ ಅಲ್ಲಿ ಕೂರಿಸಿದ. ಭಾಮೈದ ಮೊದಲ ಸಲ ಎರಡೂ ಒಟ್ಟಿಗೇ ಒತ್ತುವಂತೆ ಜೋಡಿಸಿದ್ದ. ಒತ್ತಿದ ಕೂಡಲೇ ರಿಲೇಯಲ್ಲಿ ನೀಲಿ ಕಿಡಿ ಹಾರಿ ಸುಟ್ಟ ವಾಸನೆ ಬಂತು.

"ಬಾಗಿಲು... ಮುಚ್ಚದೆ... ಲಿಫ್ಟ್ ಏಳ್ಬಾರ್ದು ಕಣೋ," ಎಂದು ಲಿಫ್ಟಣ್ಣ ಅರ್ಧ ಬಾಯಲ್ಲೇ ನಕ್ಕ.

ಭಾಮೈದನಿಗೆ ಹೊಳೆಯಿತು. ಪೆಡಲು ಅರ್ಧ ಇಳಿದಾಗ ರಿಲೇ ಆಂಟೆನಾವನ್ನು ತಿರುಗಿಸಬೇಕು, ಪೂರ್ತಿ ಇಳಿದ ಮೇಲೆ ರೇಡಿಯೊದ ಶಕ್ತಿ ಹರಿಯಬೇಕು. ಹಾಗೆಯೇ ಮಾಡಿದ. ಜಾಣ ಸರ್ಕ್ಯೂಟನ್ನು ಕತ್ತರಿಸಿ ಕಿಸೆಗೆ ಹಾಕಿಕೊಂಡು ಹೋದ.

ಭಾನುವಾರ ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡು ಸಭೆ ಶುರು ಮಾಡಿದ. ಒಬ್ಬೊಬ್ಬರನ್ನೂ ಕರೆದ. ಲಿಫ್ಟಣ್ಣನ ಸೇವೆಯನ್ನು ನೆನೆದು, ತೀರಿಕೊಂಡವರ ಬಗ್ಗೆ ಆಡುವಂಥ ನಾಲ್ಕು ಒಳ್ಳೆಯ ಮಾತಾಡಿದ. ಕೊನೆಗೆ, "ಇನ್ನು ಯಾರಾದ್ರೂ ಇದ್ದೀರಾ? ಓವರ್," ಎಂದ.

ಲಿಫ್ಟಣ್ಣ ಎಡಗಾಲು ಊರಿದ. ರಿಲೇ ಟಕ್ ಎಂದಿತು. ವಾಲ್ವುಗಳ ಬೆಳಕು ಒಮ್ಮೆ ತುಯ್ದಾಡಿ ನಿಂತಿತು, ಮೀಟರಿನ ಮುಳ್ಳು ಮೇಲೇರಿತು.

"ನಾನು..."

ಪದ ಬರಲಿಲ್ಲ. ಹೆಂಡತಿ ಮಿಷಿನ್ನು ತುಳಿಯುವುದನ್ನು ನಿಲ್ಲಿಸಿದಳು. ಅವನ ಕತ್ತಿನ ನರ ಉಬ್ಬಿತ್ತು, ತುಟಿ ಒಂದು ಕಡೆ ಜಾರುತ್ತಿತ್ತು. ಈಗ ಊರೂರಿನ ರೇಡಿಯೊಗಳಲ್ಲೆಲ್ಲ ಕೇಳಿಸುತ್ತಿದ್ದುದು ಈ ಡಬ್ಬಿಯ ಗುಂಯ್ ಎನ್ನುವ ಸದ್ದೊಂದೇ. ಆ ಸದ್ದಿರುವವರೆಗೆ ಕಾರ್ಯದರ್ಶಿ ಅಲ್ಲಿ ಎಷ್ಟೇ ಗುಂಡಿ ಒತ್ತಿ ಒದರಿದರೂ ಅವನ ಮಾತು ಯಾರಿಗೂ ತಿಳಿಯದು. ಅವಳಿಗೆ ಆ ಯೋಚನೆಯಿಂದ ಒಳಗೊಳಗೇ ಖುಷಿಯಾಯಿತು, ಹೆದರಿಕೆಯೂ ಆಯಿತು.

"...ಒಪ್ಪಿಲ್ಲ," ಎಂದ ಲಿಫ್ಟಣ್ಣ.

ಅವಳು ಉಸಿರು ಬಿಟ್ಟಳು. ಅವನು ಕಾಲು ಎತ್ತಲಿಲ್ಲ.

"ರೀ, ಹೇಳಿ ಆಯ್ತಲ್ಲ. ಕಾಲು ತೆಗೀರಿ," ಎಂದು ಪಿಸುಗುಟ್ಟಿದಳು. ಆ ಪಿಸುಮಾತೂ ಊರೂರಿಗೆ ಹೋಯಿತು.

ಅವನು ಇಲ್ಲವೆಂದು ತಲೆಯಾಡಿಸಿದ.

"ಇನ್ನೂ... ಇದೆ."

ಹಾಗೆಂದು ಕುರ್ಚಿಗೆ ಬೆನ್ನು ಕೊಟ್ಟು, ಅವಸರವಿಲ್ಲದೆ ಮುಂದಿನ ಪದ ಹುಡುಕತೊಡಗಿದ. ಅವಳು ಅರ್ಧ ಹೊಲಿದ ತೋಳನ್ನು ಮಡಿಲಲ್ಲಿಟ್ಟುಕೊಂಡು, ಎಲ್ಲರ ಹಾಗೆ ತಾನೂ ಕಾಯುತ್ತ ಕೂತಳು.