ಮಂಚದ ಕೆಳಗಿನ ಬ್ಯಾಟರಿ

ಪಂಢರಿಯ ಹಳೆಯ ಪೆಟ್ರೋಲ್ ಮಿನಿ ಟ್ರಕ್ಕಿನ ಮೀಟರಿನಲ್ಲಿ ಎಂಜಿನ್ ದೋಷದ ಹಳದಿ ದೀಪ ಹತ್ತಿಕೊಂಡಾಗ ಔರಾದ ಕಡೆ ಸತತ ಎರಡನೇ ಬರ. ಓಣಿಯ ಅರ್ಧ ಮನೆಗಳಿಗೆ ಬೀಗ ಬಿದ್ದಿತ್ತು. ಬೀದರ ಹತ್ತಿರದ ಕೊಳಾರದ ಗೋದಾಮೊಂದು ಗಾಡಿಗಳನ್ನು ಬಾಡಿಗೆಗೆ ಹಿಡಿಯುತ್ತಿತ್ತು. ಆದರೆ ಹೊಗೆ ತಪಾಸಣೆಯ ಜೊತೆಗೆ ಗಾಡಿಯ ಕಂಪ್ಯೂಟರಿಗೆ ಸ್ಕ್ಯಾನರನ್ನೂ ಹಚ್ಚಿ ನೋಡುತ್ತಿದ್ದರು. ಗಾಡಿ ಪಾಸಾದರೆ ತಮ್ಮ ಮಾಣಿಕನೂ ಅವನ ಹೆಂಡತಿ ಶಾಲುಬಾಯಿಯೂ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಬೇಕಿರಲಿಲ್ಲ. ಪಂಢರಿಗೆ ಬೇಕಾಗಿದ್ದೂ ಅದೊಂದೇ. ಆದರೆ ಅದನ್ನು ಬಾಯಿಬಿಟ್ಟು ಹೇಳುವ ಆಸಾಮಿ ಅವನಲ್ಲ.

ಬೀದರದ ಮೇಸ್ತ್ರಿ ಅಬ್ದುಲ ಅಜೀಜ ಆಕ್ಸಿಜನ್ ಸೆನ್ಸರ್ ಬದಲಿಸಿದ. ಊರು ಮುಟ್ಟುವುದರೊಳಗೆ ದೀಪ ಮತ್ತೆ ಹತ್ತಿತು.

"ಸೈಲೆನ್ಸರ್ ಪೈಪು ಎಲ್ಲೋ ಸೀಳ್ಯಾದ. ಹೊರಗಿನ ಗಾಳಿ ಹೊಕ್ಕು ಸೆನ್ಸರ್ ಸುಳ್ಳು ಹೇಳ್ಲತ್ತದ" ಎಂದ ಮಾಣಿಕ.

ನಿಜವೇ ಆಗಿತ್ತು. ಅಜೀಜ ಬಿರುಕಿಗೆ ವೆಲ್ಡಿಂಗ್ ಹಾಕಿದ, ದೀಪ ಆರಿತು. "ಗಾಡಿ ಕಂಪ್ಯೂಟರ್ ಈಗ ತನ್ನ ತಪಾಸಣಿ ತಾನೇ ಮಾಡಿ ಮುಗಸಬೇಕ್ರಿ. ನಾಕೈದು ದಿನ ಒಂದೇ ಹದದಾಗ ಓಡಸ್ರಿ" ಎಂದ.

ಮಾಣಿಕ ಔರಾದದಿಂದ ಭಾಲ್ಕಿಗೆ, ಭಾಲ್ಕಿಯಿಂದ ಬೀದರಕ್ಕೆ ಓಡಿಸಿದ. ಗೋದಾಮಿನ ಸ್ಕ್ಯಾನರ್ ತಪಾಸಣೆ ಅಪೂರ್ಣ ಎಂದಿತು. ಮತ್ತೆ ಓಡಿಸಿದ, ಮತ್ತೆ ಅದೇ ಹಾಡು. ಗಾಡಿ ಮನೆಗೆ ಬಂದ ಕೂಡಲೇ ಪಂಢರಿ ಬ್ಯಾಟರಿ ಬಿಚ್ಚಿ ತನ್ನ ಮಂಚದ ಕೆಳಗೆ ಇಟ್ಟುಕೊಳ್ಳುತ್ತಿದ್ದ. ಜನ ಗುಳೆ ಹೋದ ಓಣಿಯಲ್ಲಿ ಕಳ್ಳರ ಕಣ್ಣು ಬ್ಯಾಟರಿಗಳ ಮೇಲೆಯೇ ಇತ್ತು. ಎಚ್ಚರ ಅಂದರೆ ತನ್ನದು, ಉಳಿದವರೆಲ್ಲ ಮೈಮರೆತವರು ಎಂಬುದು ಅವನ ಲೆಕ್ಕ.

ಮುಂದಿನ ಸಲವೂ ಪಾಸಾಗದಿದ್ದಾಗ ಗೋದಾಮಿನ ಗೇಟಿನಲ್ಲೇ, ನಾಲ್ಕು ಜನರೆದುರು, ತಮ್ಮನ ಮೇಲೆ ಹರಿಹಾಯ್ದ. "ನಿನಗ ಗಾಡಿ ಓಡಸ್ಲಿಕ್ಕೇ ಬರಂಗಿಲ್ಲ. ನೀ ಸ್ಟೇರಿಂಗ್ ಹಿಡದ್ರ ಇದು ಯಾವತ್ತೂ ಪಾಸಾಗಂಗಿಲ್ಲ!"

"ಹಂಗಿದ್ರ ನೀನೇ ಓಡಸ್ಕೊ, ಅಣ್ಣಾ." ಮಾಣಿಕ ಕೀಲಿಯನ್ನು ಅವನ ಕೈಗಿಟ್ಟ. ಆ ವಾರವೇ ಗಂಡ ಹೆಂಡತಿ ಕಬ್ಬು ಕಡಿಯುವವರ ಟೋಳಿ ಸೇರಿ ಹೊರಟುಹೋದರು.

ಆಮೇಲೆ ಪಂಢರಿಯೇ ಓಡಿಸಿದ, ತುಂಬಿದ ಕೊಡ ಹೊತ್ತವನ ಹಾಗೆ. ಆಗಲೂ ಅಪೂರ್ಣ. ತಲೆ ಕೆರೆದುಕೊಳ್ಳುತ್ತಿದ್ದ ಅಜೀಜನ ಕಣ್ಣು ಬಿಚ್ಚಿ ಬಿಗಿದು ಸವೆದಿದ್ದ ಬ್ಯಾಟರಿಯ ನಟ್ಟಿನ ಮೇಲೆ ಬಿತ್ತು.

"ಇದನ್ನ ಯಾರು ಬಿಚ್ತಾರ್ರಿ?"

"ನಾನೇ. ದಿನಾ ರಾತ್ರಿ."

"ಅಯ್ಯೋ ಪಂಢರಿ ಭಾಯ್! ಬ್ಯಾಟರಿ ಬಿಚ್ಚಿದ್ರ ಕಂಪ್ಯೂಟರ್ ಎಲ್ಲಾ ಮರ್ತು ಬಿಡ್ತದ. ಮಾಣಿಕ ಹಗಲೆಲ್ಲ ಕಲಿಸಿದ್ದು ನೀವು ರಾತ್ರಿ ಅಳಿಸೀರಿ. ನಾ ಮೊದಲೇ ಕೇಳಬೇಕಾಗಿತ್ತು."

ಅಂದಿನಿಂದ ಬ್ಯಾಟರಿ ಗಾಡಿಯಲ್ಲೇ ಉಳಿಯಿತು, ಪಂಢರಿಯೂ ಗಾಡಿಯಲ್ಲೇ ಮಲಗಿದ. ವಾರದೊಳಗೆ ಗಾಡಿ ಪಾಸಾಯಿತು. ಗೇಟಿನಲ್ಲೇ ನಿಂತು ತಮ್ಮನಿಗೆ ಫೋನ್ ಹಚ್ಚಿದ.

"ಗಾಡಿ ಪಾಸ್ ಆತು. ತಪ್ಪು ನಂದೇ ಇತ್ತೋ, ಮಾಣಿಕಾ. ಬ್ಯಾಟರಿ ನಾನೇ ಬಿಚ್ತಿದ್ದೆ. ಇಬ್ರೂ ಬಂದ್ಬಿಡ್ರಿ."

"ಟೋಳ್ಯಾಗ ಗಂಡ ಹೆಂಡತಿ ಕೂಡಿದ್ರ ಒಂದು ಕೊಯ್ತಾ ಅಂತ ಲೆಕ್ಕ, ಅಣ್ಣಾ. ನಡುವ ಬಿಟ್ಟು ಬಂದ್ರ ನಮ್ಮ ಪಾಲಿನ ಕೆಲಸ ಉಳದವರ ಮ್ಯಾಗ ಬೀಳ್ತದ. ಕಬ್ಬು ಮುಗಿಯೋತನ ಬರ್ಲಿಕ್ಕ ಆಗಂಗಿಲ್ಲ." ಮತ್ತೆ ಅವನೇ ಕೇಳಿದ: "ದೀಪ ಹತ್ತಿಲ್ಲಲ್ಲ?"

"ಇಲ್ಲ."

"ಚಲೋ ಆತು. ಭಾಲ್ಕಿ ಇಳಕಲದಾಗ ಎಕ್ಸಲೇಟರ್ ಮ್ಯಾಗಿಂದು ಕಾಲು ಪೂರಾ ತಗದ್ಬಿಡು. ಗಾಡಿಗ ಹಂಗಾದ್ರ ಹಿಡಸ್ತದ."

ತಮ್ಮನಿಗೆ ಗಾಡಿ ಓಡಿಸಲು ಬರುವುದಿಲ್ಲವೆಂದು ಕೂಗಿದ ಜಾಗದಲ್ಲೇ ನಿಂತು ಪಂಢರಿ "ಹೂಂ" ಅಂದ. ಮೊದಲ ಬಾಡಿಗೆಯ ದಿನ ಭಾಲ್ಕಿಯ ಇಳಿಜಾರು ಬಂದಾಗ ಕಾಲು ಪೂರಾ ತೆಗೆದ. ಪಕ್ಕದ ಸೀಟು ಖಾಲಿ ಇತ್ತು.